ದರದ ಲಕೋಟೆ ಕೊನೆಗೆ: ಅಲಾಸ್ಕಾ ಶಿಕಾರಿಗೆ ಔಟ್‌ಫಿಟ್ಟರ್ ಆರಿಸಿದ ಒಂದು ಪ್ರಕರಣ

ಪ್ರಕರಣದ ಗ್ರಾಹಕರು ನನ್ನ ಭಾವ, ಅಕ್ಕನ ಗಂಡ. ವಿರಾಜಪೇಟೆ ಕಡೆಯ ಕೊಡವ ಮನೆತನದವರು. ಈಗ ಅಮೆರಿಕದ ಪ್ರಜೆ, ವಾಷಿಂಗ್ಟನ್ ರಾಜ್ಯದ ಸಿಯಾಟಲ್ ಹತ್ತಿರ ಮನೆ. ವಯಸ್ಸು ಐವತ್ತು ದಾಟಿದೆ, ಬಲ ಮೊಣಕಾಲು ಆಗಾಗ ತಕರಾರು ತೆಗೆಯುತ್ತದೆ. ಅವರಿಗೆ ಬೇಕಾಗಿದ್ದದ್ದು ಒಂದು ಮೌಂಟನ್ ಗೋಟ್: ಉತ್ತರ ಅಮೆರಿಕದ ಪಶ್ಚಿಮದ ಕಡಿದಾದ ಬಂಡೆಗಳ ಮೇಲೆ ಬದುಕುವ, ಮೈತುಂಬ ಬಿಳಿ ಉಣ್ಣೆಯ, ಕಪ್ಪು ಕೊಂಬಿನ ಬೆಟ್ಟದ ಮೇಕೆ. ನಾನು ಬೆಂಗಳೂರಿನಲ್ಲಿ ಟೆಂಡರ್ ದಾಖಲೆ ಓದಿ ಮೌಲ್ಯಮಾಪನ ಮಾಡುವ ಕೆಲಸದವನು. ಮಾಂಸ ತಿನ್ನುವುದಿಲ್ಲ, ಕೋವಿ ಹಿಡಿದವನಲ್ಲ. ಔಟ್‌ಫಿಟ್ಟರುಗಳ, ಅಂದರೆ ಹಣ ಪಡೆದು ಶಿಕಾರಿಯ ಏರ್ಪಾಟು ಮಾಡಿಕೊಡುವವರ, ಮೂರು ಕೊಟೇಷನ್ ಹಿಡಿದುಕೊಂಡು ಅವರು ನನಗೇ ಫೋನ್ ಮಾಡಿದ್ದಕ್ಕೆ ಅವರು ಕೊಟ್ಟ ಕಾರಣ ಇದು: "ನಿನಗೆ ಶಿಕಾರಿ ಗೊತ್ತಿಲ್ಲ, ಅದೇ ಒಳ್ಳೆಯದು. ಫೋಟೊ ನೋಡಿ ಮರುಳಾಗುವುದಿಲ್ಲ."

ಇಷ್ಟು ದೂರ ಏಕೆ ಹೋಗಬೇಕು ಎಂದು ಕೇಳುವವರಿಗೆ ಒಂದು ಮಾತು. ಕೊಡವರಿಗೆ ಕೋವಿ ಇಟ್ಟುಕೊಳ್ಳಲು ಪರವಾನಗಿಯಿಂದ ವಿನಾಯಿತಿ ಇದೆ, ನಿಜ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಊರಿನಲ್ಲಿ ಶಿಕಾರಿಯ ದಾರಿ ಮುಚ್ಚಿದೆ. ಭಾವನ ಪಾಲಿಗೆ ಉಳಿದದ್ದು ಕೊಡವರು ಕೋವಿಗಳನ್ನು ಪೂಜಿಸುವ ಕೈಲ್ ಮುಹೂರ್ತದ ಹಬ್ಬ ಮತ್ತು ತಂದೆ ಹೇಳುತ್ತಿದ್ದ ಕಥೆಗಳು. ಅವರು ಈಗಿರುವ ವಾಷಿಂಗ್ಟನ್‌ನಲ್ಲಿ ಈ ಪ್ರಾಣಿ ಇದೆ, ಆದರೆ ಅನುಮತಿ ಲಾಟರಿಯಲ್ಲಿ ಸಿಗಬೇಕು. ಹೆಚ್ಚಿನವರಿಗೆ ಜನ್ಮದಲ್ಲಿ ಒಮ್ಮೆ ಸಿಕ್ಕರೆ ದೊಡ್ಡದು. ಅದೇ ರಾಜ್ಯದ ಒಲಿಂಪಿಕ್ ರಾಷ್ಟ್ರೀಯ ಉದ್ಯಾನದಲ್ಲಿ ಹೊರಗಿನಿಂದ ತಂದು ಬಿಟ್ಟ ಮೇಕೆಗಳು ಹೆಚ್ಚಾಗಿ, 2018ರಿಂದ 2020ರವರೆಗೆ ಅವುಗಳನ್ನು ಹೆಲಿಕಾಪ್ಟರಿಗೆ ತೂಗುಹಾಕಿ ಕ್ಯಾಸ್ಕೇಡ್ ಪರ್ವತಗಳಿಗೆ ಸಾಗಿಸಿದರು. ಒಂದು ಕಡೆ ಅತಿಯಾಗಿ, ಇನ್ನೊಂದು ಕಡೆ ವಿರಳವಾಗಿರುವ ಈ ಪ್ರಾಣಿಯ ಲೆಕ್ಕಾಚಾರ ಮುಂದೆಯೂ ಬರುತ್ತದೆ.

ಹೀಗಾಗಿ ಉಳಿದದ್ದು ಅಲಾಸ್ಕಾ ಅಥವಾ ಕೆನಡಾದ ಬ್ರಿಟಿಷ್ ಕೊಲಂಬಿಯಾ. ಎರಡು ಕಡೆಯೂ ಹೊರಗಿನವರು ತಮ್ಮ ಪಾಡಿಗೆ ತಾವು ಬೆಟ್ಟ ಹತ್ತುವಂತಿಲ್ಲ. ಅಲಾಸ್ಕಾದಲ್ಲಿ ಹೊರರಾಜ್ಯದವರು ಕಂದು ಕರಡಿ, ಡಾಲ್ ಕುರಿ, ಬೆಟ್ಟದ ಮೇಕೆ ಈ ಮೂರಕ್ಕೆ ಪರವಾನಗಿ ಪಡೆದ ಗೈಡ್ ಜೊತೆಗೇ ಹೋಗಬೇಕು. ಇಲ್ಲವೇ ಅಲಾಸ್ಕಾದಲ್ಲೇ ನೆಲೆಸಿದ ಹತ್ತಿರದ ಸಂಬಂಧಿ ಜೊತೆಗಿರಬೇಕು. ಆ ಸಂಬಂಧಿಗಳ ಪಟ್ಟಿಯಲ್ಲಿ ಭಾವಮೈದುನನೂ ಇದ್ದಾನೆ. ದುರದೃಷ್ಟಕ್ಕೆ ಈ ಭಾವಮೈದುನ ಇರುವುದು ಬಸವನಗುಡಿಯಲ್ಲಿ.

ಎರಡು ಲಕೋಟೆ

ಸರ್ಕಾರಿ ಖರೀದಿಯಲ್ಲಿ ಪಳಗಿದವರಿಗೆ ಎರಡು ಲಕೋಟೆಯ ಪದ್ಧತಿ ಗೊತ್ತು. ತಾಂತ್ರಿಕ ಲಕೋಟೆಯನ್ನು ಮೊದಲು ಒಡೆಯಬೇಕು. ಅದರಲ್ಲಿ ತೇರ್ಗಡೆಯಾದವರ ದರದ ಲಕೋಟೆಯನ್ನು ಮಾತ್ರ ಆಮೇಲೆ ತೆರೆಯಬೇಕು. ಕರ್ನಾಟಕದಲ್ಲಿ 1999ರ ಪಾರದರ್ಶಕತೆ ಕಾಯ್ದೆಯಡಿ ನಡೆಯುವ ಟೆಂಡರುಗಳಲ್ಲಿ ಇದನ್ನು ದಿನವೂ ನೋಡುತ್ತೇವೆ. ದರ ಒಮ್ಮೆ ಕಣ್ಣಿಗೆ ಬಿದ್ದರೆ ಉಳಿದ ಪುಟಗಳನ್ನು ಯಾರೂ ಪ್ರಾಮಾಣಿಕವಾಗಿ ಓದುವುದಿಲ್ಲ ಎಂಬುದು ನನ್ನ ಅನುಭವ. ಕಡಿಮೆ ದರದವರ ದೋಷಗಳಿಗೆ ಮನಸ್ಸು ತಾನೇ ಸಮಾಧಾನ ಹುಡುಕುತ್ತದೆ, ಹೆಚ್ಚು ದರದವರ ಗುಣಗಳ ಮೇಲೆ ತಾನೇ ಅನುಮಾನಪಡುತ್ತದೆ.

ಅದಕ್ಕೇ ಭಾವನಿಗೆ ಹೇಳಿದೆ: "ಮೂವರ ಕಾಗದಗಳಲ್ಲೂ ದರ ಇರುವ ಕಡೆ ಕಪ್ಪು ಮಸಿ ಬಳಿದು ಕಳುಹಿಸಿ. ನೀವು ನೋಡಿದ್ದೀರಿ, ನನಗೆ ಹೇಳಬೇಡಿ."

ಅವರು ನಕ್ಕರು, ಆದರೆ ಹಾಗೆಯೇ ಮಾಡಿದರು. ಹೆಸರು ಬರೆಯದೆ ಮೂವರನ್ನೂ ಅವರ ಜಾಗದಿಂದಲೇ ಕರೆಯುತ್ತೇನೆ. ದ್ವೀಪದವರು: ಅಲಾಸ್ಕಾದ ಕೋಡಿಯಾಕ್ ದ್ವೀಪದಲ್ಲಿ ಡೇರೆ ಹಾಕಿ ಬೇಟೆ ನಡೆಸುವವರು. ದೋಣಿಯವರು: ಆಗ್ನೇಯ ಅಲಾಸ್ಕಾದ ಕರಾವಳಿಯಲ್ಲಿ ದೋಣಿಯಲ್ಲೇ ಮಲಗಿ, ಬೆಳಿಗ್ಗೆ ದಡಕ್ಕಿಳಿದು ಬೆಟ್ಟ ಹತ್ತಿಸುವವರು. ಗಡಿಯಾಚೆಯವರು: ಬ್ರಿಟಿಷ್ ಕೊಲಂಬಿಯಾದ ಉತ್ತರ ಭಾಗದವರು; ಭಾವ ಸಿಯಾಟಲ್‌ನಿಂದ ಕಾರಿನಲ್ಲೇ ಹೋಗಬಹುದು ಎಂಬುದು ಅವರ ಆಕರ್ಷಣೆ.

ನೆಲ ಯಾರದು

ನಾನು ಕೇಳಿಸಿದ ಮೊದಲ ಪ್ರಶ್ನೆ ಮೇಕೆಯ ಬಗ್ಗೆ ಅಲ್ಲ, ನೆಲದ ಬಗ್ಗೆ. ಈ ಬೆಟ್ಟದಲ್ಲಿ ಗೈಡ್ ಕೆಲಸ ಮಾಡುವ ಹಕ್ಕು ನಿಮಗೆ ಎಲ್ಲಿಂದ ಬಂತು, ಅದೇ ವಾರ ಅಲ್ಲಿ ಇನ್ನು ಯಾರು ಇರಬಹುದು?

ಉತ್ತರ ಮೂವರಿಗೂ ಬೇರೆ ಬೇರೆ. ಬ್ರಿಟಿಷ್ ಕೊಲಂಬಿಯಾದಲ್ಲಿ ಪ್ರಾಂತವನ್ನು ಗೈಡ್ ಪ್ರದೇಶಗಳಾಗಿ ಹಂಚಿದ್ದಾರೆ. ಒಂದು ಪ್ರದೇಶದಲ್ಲಿ ಗೈಡಿಂಗ್ ಮಾಡುವ ಹಕ್ಕು ಒಬ್ಬರಿಗೇ. ಅಲಾಸ್ಕಾದಲ್ಲೂ ಒಂದು ಕಾಲದಲ್ಲಿ ಹಾಗೆಯೇ ಇತ್ತು. 1988ರಲ್ಲಿ ಓಸಿಚೆಕ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ವನ್ಯಜೀವಿ ಎಲ್ಲರ ಸೊತ್ತು ಎನ್ನುವ ರಾಜ್ಯ ಸಂವಿಧಾನದ ಮಾತಿಗೆ ಇದು ವಿರುದ್ಧ ಎಂದು ಏಕಸ್ವಾಮ್ಯದ ಪ್ರದೇಶಗಳನ್ನು ರದ್ದು ಮಾಡಿತು. ಅಂದಿನಿಂದ ರಾಜ್ಯದ ನೆಲದಲ್ಲಿ ಒಬ್ಬ ಗೈಡ್ ಮೂರು ಪ್ರದೇಶಗಳವರೆಗೆ ನೋಂದಾಯಿಸಿಕೊಳ್ಳಬಹುದು, ಆದರೆ ಅದೇ ಪ್ರದೇಶಕ್ಕೆ ಇತರರೂ ನೋಂದಾಯಿಸಿಕೊಳ್ಳಬಹುದು. ನೀವು ಮೂರು ತಾಸು ಹತ್ತಿ ತಲುಪಿದ ಕಣಿವೆಯ ಆ ಕಡೆಯಿಂದ ಇನ್ನೊಂದು ತಂಡ ಇಳಿದು ಬಂದರೆ ದೂರು ಕೊಡಲು ಯಾರೂ ಇಲ್ಲ. ಕೇಂದ್ರ ಸರ್ಕಾರದ ವನ್ಯಜೀವಿ ಆಶ್ರಯತಾಣಗಳಲ್ಲಿ ಮಾತ್ರ ಕಥೆ ಬೇರೆ: ಅಲ್ಲಿ ಗೈಡ್ ಪ್ರದೇಶಗಳನ್ನು ಸ್ಪರ್ಧೆಯ ಮೂಲಕ, ಅರ್ಜಿದಾರರ ಅನುಭವ, ಸುರಕ್ಷತೆ, ಹಿಂದಿನ ದಾಖಲೆ ನೋಡಿ ಹಂಚುತ್ತಾರೆ.

ಕೋಡಿಯಾಕ್ ದ್ವೀಪದ ಸುಮಾರು ಮೂರನೇ ಎರಡು ಭಾಗ 1941ರಲ್ಲಿ ಆದ ಇಂಥ ಆಶ್ರಯತಾಣ. ಕರಡಿಗಳಿಗಾಗಿ ಮೀಸಲಿಟ್ಟ ಆ ದ್ವೀಪದಲ್ಲಿ ಮೇಕೆಯೇ ಇರಲಿಲ್ಲ. 1952 ಮತ್ತು 1953ರಲ್ಲಿ ಒಟ್ಟು 18 ಮೇಕೆಗಳನ್ನು ತಂದು ಬಿಟ್ಟರು. ಇಂದು ದ್ವೀಪದ ಬೆಟ್ಟಗಳೆಲ್ಲ ಅವುಗಳದ್ದೇ. ಸಸ್ಯಸಂಪತ್ತಿಗೆ ಭಾರವಾಗುವಷ್ಟು ಹೆಚ್ಚಿವೆ ಎಂಬ ಆತಂಕ ಇಲಾಖೆಯವರಿಗೇ ಇದೆ. ಶಿಕಾರಿಯ ಬಗ್ಗೆ ನನಗಿದ್ದ ಅಳುಕು ಈ ಸಂಗತಿ ತಿಳಿದ ಮೇಲೆ ಅರ್ಧ ಇಳಿಯಿತು. ಪೂರ್ತಿ ಇಳಿಯಿತು ಎಂದು ಹೇಳಲಾರೆ.

ದ್ವೀಪದವರು ತಮ್ಮ ಪ್ರದೇಶದ ನಕ್ಷೆಯನ್ನೂ ಪರವಾನಗಿಯ ಅವಧಿಯನ್ನೂ ಮರುದಿನವೇ ಕಳುಹಿಸಿದರು. ಗಡಿಯಾಚೆಯವರ ಪ್ರದೇಶ ಕಾಗದದ ಮೇಲೆ ಅಚ್ಚುಕಟ್ಟಾಗಿತ್ತು, ಆದರೆ ಒಂದು ವಿಷಯ ಮಾತಿನ ನಡುವೆ ಹೊರಬಿತ್ತು: ಆ ಪ್ರದೇಶವನ್ನು ಅವರು ಕೊಂಡು ಒಂದು ವರ್ಷವಾಗಿತ್ತು ಅಷ್ಟೆ. ಗೈಡ್ ಪ್ರದೇಶಗಳು ಅಲ್ಲಿ ಹಳೆಯ ಮಾಲೀಕರಿಂದ ಹೊಸಬರಿಗೆ ಮಾರಾಟವಾಗುತ್ತವೆ, ಅದರಲ್ಲಿ ತಪ್ಪಿಲ್ಲ. ಆದರೆ ಕರಪತ್ರದ ಫೋಟೊಗಳೆಲ್ಲ ಹಳೆಯ ಮಾಲೀಕರ ಕಾಲದವು. ಸತ್ತ ಮೇಕೆಗಳ ಹಿಂದೆ ನಗುತ್ತ ನಿಂತ ಗೈಡುಗಳಲ್ಲಿ ಒಬ್ಬನೂ ಈಗ ಅಲ್ಲಿ ಕೆಲಸದಲ್ಲಿರಲಿಲ್ಲ. ಟೆಂಡರಿನಲ್ಲಿ ಇದನ್ನು ಬೇರೆಯವರ ಕಾರ್ಯಾನುಭವ ಪ್ರಮಾಣಪತ್ರ ಲಗತ್ತಿಸುವುದು ಎನ್ನುತ್ತೇವೆ. ಹೊಸಬರು ಒಳ್ಳೆಯವರಿರಬಹುದು, ಅದನ್ನು ತೋರಿಸುವ ದಾಖಲೆ ಇನ್ನೂ ಹುಟ್ಟಿರಲಿಲ್ಲ.

ಪಕ್ಕದಲ್ಲಿ ಯಾರು

ಅಲಾಸ್ಕಾದಲ್ಲಿ ಗೈಡುಗಳಿಗೆ ಮೆಟ್ಟಿಲುಗಳಿವೆ. ಗ್ರಾಹಕರ ಜೊತೆ ಕರಾರು ಮಾಡಿಕೊಳ್ಳುವ ಅಧಿಕಾರ ನೋಂದಾಯಿತ ಗೈಡ್-ಔಟ್‌ಫಿಟ್ಟರ್ ಅಥವಾ ಅವರಿಗಿಂತ ಮೇಲಿನ ಮಾಸ್ಟರ್ ಗೈಡ್‌ಗೆ ಮಾತ್ರ. ಸಹಾಯಕ ಗೈಡ್ ಬೆಟ್ಟದ ಮೇಲೆ ನಿಮ್ಮನ್ನು ಕರೆದೊಯ್ಯಬಹುದು, ಆದರೆ ಶಿಕಾರಿಯನ್ನು ಮಾರುವಂತಿಲ್ಲ. ಟ್ರಾನ್ಸ್‌ಪೋರ್ಟರ್ ಎನ್ನುವವರು ಇನ್ನೊಂದು ವರ್ಗ. ಅವರು ಸಾಗಿಸಿ ಬಿಡುತ್ತಾರೆ, ಮೇಕೆಗೆ ಅವರನ್ನು ನಂಬಿ ಹೋದರೆ ಕಾನೂನಿನ ಕಣ್ಣಿನಲ್ಲಿ ನೀವು ಗೈಡ್ ಇಲ್ಲದವರು. ಪರವಾನಗಿ ಸಂಖ್ಯೆ, ಅವಧಿ, ಶಿಸ್ತುಕ್ರಮ ಎಲ್ಲವನ್ನೂ ರಾಜ್ಯದ ವಾಣಿಜ್ಯ ಇಲಾಖೆಯ ದಾಖಲೆಯಲ್ಲಿ ಯಾರು ಬೇಕಾದರೂ ನೋಡಬಹುದು. ಭಾವ ಒಂದು ಸಂಜೆ ಕುಳಿತು ನೋಡಿದರು.

ದೋಣಿಯವರ ಕಾಗದಕ್ಕೆ ಸಹಿ ಹಾಕಿದ್ದವನು ಸಹಾಯಕ ಗೈಡ್.

ಕೇಳಿದಾಗ, ನಮ್ಮಲ್ಲಿ ನೋಂದಾಯಿತ ಗೈಡ್ ಇದ್ದಾರೆ, ಕರಾರಿನ ಹೊತ್ತಿಗೆ ಅವರ ಸಹಿ ಬರುತ್ತದೆ ಎಂಬ ಉತ್ತರ. ಇದ್ದರು, ನಿಜ, ದಾಖಲೆಯಲ್ಲಿ ಹೆಸರು ಸಿಕ್ಕಿತು. ಕರಾರು ಮಾಡಿಕೊಂಡ ಗೈಡ್ ಶಿಕಾರಿಯ ಅವಧಿಯಲ್ಲಿ ಒಮ್ಮೆಯಾದರೂ ಗ್ರಾಹಕರ ಜೊತೆ ಸ್ಥಳದಲ್ಲಿ ಇರಬೇಕು ಎಂಬ ನಿಯಮವೂ ಇದೆ. ಭಾವ ಮತ್ತೆ ಬರೆದರು: ಅವರು ಯಾವ ದಿನ ಬರುತ್ತಾರೆ, ನನ್ನ ಜೊತೆ ಬೆಟ್ಟ ಹತ್ತುವವರ ಹೆಸರೇನು, ಅವರು ನಿಮ್ಮ ಬಳಿ ಎಷ್ಟು ಋತು ಕೆಲಸ ಮಾಡಿದ್ದಾರೆ? ಈ ಪತ್ರಕ್ಕೆ ಬಂದ ಮರುತ್ತರದಲ್ಲಿ ಹೊಸದಾಗಿ ತೆಗೆದ ನಾಲ್ಕು ಫೋಟೊಗಳಿದ್ದವು. ಹೆಸರು ಇರಲಿಲ್ಲ.

ದ್ವೀಪದವರ ಉತ್ತರ ಒಣಒಣವಾಗಿತ್ತು. ನೋಂದಾಯಿತ ಗೈಡ್ ಆರಂಭದಲ್ಲಿ ಡೇರೆಗೆ ಬರುತ್ತಾರೆ. ಉಳಿದ ದಿನ ಜೊತೆಗಿರುವವನು ಇಂಥವನು, ನಮ್ಮಲ್ಲಿ ಆರನೆಯ ಋತು. ಒಬ್ಬ ಬೇಟೆಗಾರನಿಗೆ ಒಬ್ಬನೇ ಗೈಡ್. ಆಮೇಲೆ ಅವರೇ ಪ್ರಶ್ನೆ ಕೇಳತೊಡಗಿದರು. ತೂಕ ಎಷ್ಟು? ಮೊಣಕಾಲಿಗೆ ಶಸ್ತ್ರಚಿಕಿತ್ಸೆ ಆಗಿದೆಯೇ? ಬೆನ್ನ ಮೇಲೆ ಇಪ್ಪತ್ತು ಕಿಲೊ ಹೊತ್ತು ಕೊನೆಯ ಬಾರಿ ಹತ್ತಿದ್ದು ಯಾವಾಗ, ಎಷ್ಟು ಎತ್ತರ? ಇಳಿಜಾರಿನಲ್ಲಿ ಕೆಳಮುಖವಾಗಿ ಗುಂಡು ಹೊಡೆದು ಅಭ್ಯಾಸವಿದೆಯೇ? ಭಾವನಿಗೆ ಸ್ವಲ್ಪ ಕಸಿವಿಸಿಯಾಯಿತು. "ದುಡ್ಡು ಕೊಡುವವನು ನಾನು, ವಿಚಾರಣೆಯೂ ನನ್ನದೇ" ಎಂದರು. ಗ್ರಾಹಕರನ್ನು ತೂಗಿ ನೋಡುವ ಔಟ್‌ಫಿಟ್ಟರಿಗೆ ನನ್ನ ಅಂಕಪಟ್ಟಿಯಲ್ಲಿ ಅಲ್ಲೇ ಹೆಚ್ಚು ಅಂಕ ಬಿತ್ತು. ಉಳಿದಿಬ್ಬರು ಕೇಳಿದ್ದು ಮುಂಗಡ ಯಾವಾಗ ಎಂದು ಮಾತ್ರ.

ಹೋತವೋ ಹೆಣ್ಣೋ

ನನಗೆ ಇಡೀ ಪ್ರಕರಣದಲ್ಲಿ ಹೆಚ್ಚು ಕಲಿಸಿದ್ದು ಈ ಭಾಗ. ದೋಣಿಯವರ ಕರಪತ್ರದಲ್ಲಿ ದಪ್ಪಕ್ಷರದಲ್ಲಿತ್ತು: ನೂರಕ್ಕೆ ತೊಂಬತ್ತೈದು ಯಶಸ್ಸು. ಟೆಂಡರಿನಲ್ಲಿ ಇಂಥ ಅಂಕಿ ಕಂಡರೆ ಛೇದದಲ್ಲಿ ಏನಿದೆ ಎಂದು ಕೇಳುವುದು ನನ್ನ ಅಭ್ಯಾಸ. ಇಲ್ಲಿ ಅಂಶವನ್ನೂ ಕೇಳಬೇಕಿತ್ತು: ಆ ತೊಂಬತ್ತೈದರಲ್ಲಿ ಹೋತ ಎಷ್ಟು, ಹೆಣ್ಣು ಎಷ್ಟು?

ಜಿಂಕೆಯಲ್ಲಾದರೆ ಕೊಂಬು ನೋಡಿ ಗಂಡೆಂದು ಹೇಳಬಹುದು. ಈ ಮೇಕೆಯಲ್ಲಿ ಗಂಡಿಗೂ ಹೆಣ್ಣಿಗೂ ಕೊಂಬು ಇದೆ, ಎರಡೂ ಕಪ್ಪು, ಎರಡೂ ಹೆಚ್ಚು ಕಡಿಮೆ ಒಂದೇ ಉದ್ದ. ಹೋತದ ಕೊಂಬು ಬುಡದಲ್ಲಿ ದಪ್ಪ, ಎರಡು ಬುಡಗಳ ನಡುವೆ ಸಂದು ಕಡಿಮೆ, ಬುಡದಿಂದ ತುದಿಯವರೆಗೆ ಒಂದೇ ಸಮನಾದ ಬಾಗು. ಹೆಣ್ಣಿನ ಕೊಂಬು ತೆಳ್ಳಗೆ, ನೆಟ್ಟಗೆ ಏರಿ ತುದಿಯ ಹತ್ತಿರ ಹಿಂದಕ್ಕೆ ಬಾಗುತ್ತದೆ. ನಾನೂರು ಮೀಟರ್ ದೂರದಿಂದ, ಮಂಜಿನಲ್ಲಿ, ದೂರದರ್ಶಕದ ಮೂಲಕ ಇದನ್ನು ಗುರುತಿಸಬೇಕು. ಪಳಗಿದ ಗೈಡುಗಳು ಹೆಚ್ಚು ನಂಬುವುದು ಇನ್ನೊಂದನ್ನು: ಪ್ರಾಣಿ ಮೂತ್ರ ಮಾಡುವವರೆಗೆ ಕಾಯುತ್ತಾರೆ. ಹೋತ ಕಾಲು ಚಾಚಿ ನಿಂತು ಮಾಡುತ್ತದೆ, ಹೆಣ್ಣು ಹಿಂಗಾಲು ಮಡಿಸಿ ಕುಕ್ಕರಿಸುತ್ತದೆ. ಅಲಾಸ್ಕಾದ ಮೀನು ಮತ್ತು ಬೇಟೆ ಇಲಾಖೆ ಬೇಟೆಗಾರರಿಗಾಗಿ ಚಿತ್ರಗಳಿಟ್ಟು ಒಂದು ಗುರುತಿಸುವ ಪರೀಕ್ಷೆಯನ್ನೇ ಇಟ್ಟಿದೆ. ನಾನೂ ಕುಳಿತೆ. ನನ್ನ ಅಂಕಗಳ ಬಗ್ಗೆ ಅಕ್ಕ ಇನ್ನೂ ನಗುತ್ತಾಳೆ.

ಏಕೆ ಇಷ್ಟು ತಲೆಕೆಡಿಸಿಕೊಳ್ಳಬೇಕು ಎಂದರೆ, ಮರಿಯ ಜೊತೆಗಿರುವ ಹೆಣ್ಣನ್ನು ಹೊಡೆಯುವುದು ನಿಷಿದ್ಧವಾದರೂ ಒಂಟಿ ಹೆಣ್ಣನ್ನು ಹೊಡೆಯುವುದು ಅಲಾಸ್ಕಾದ ಬಹಳ ಕಡೆ ಕಾನೂನುಬಾಹಿರವಲ್ಲ. ಆದರೆ ಹೆಣ್ಣು ಮೊದಲ ಮರಿ ಹಾಕುವ ಹೊತ್ತಿಗೆ ನಾಲ್ಕೈದು ವರ್ಷ ತುಂಬಿರುತ್ತದೆ, ಹಾಕುವುದು ಸಾಮಾನ್ಯವಾಗಿ ಒಂದೇ ಮರಿ. ಕೆಲವು ಹೆಣ್ಣುಗಳನ್ನು ಕಳೆದುಕೊಂಡ ಬೆಟ್ಟ ಮತ್ತೆ ತುಂಬಲು ವರ್ಷಗಳು ಬೇಕು. ಅದಕ್ಕೇ ಆಗ್ನೇಯ ಅಲಾಸ್ಕಾದಲ್ಲಿ ಬೇಟೆಯ ಮಿತಿಯನ್ನು ಎಣಿಸುವಾಗ ಇಲಾಖೆ ಹೋತಕ್ಕೆ ಒಂದು ಅಂಕ, ಹೆಣ್ಣಿಗೆ ಎರಡು ಅಂಕ ಎಂದು ಲೆಕ್ಕ ಹಿಡಿಯುತ್ತದೆ. ಕೀನಾಯ್ ಪರ್ಯಾಯದ್ವೀಪದ ಕಡೆ ಹೆಣ್ಣು ಹೊಡೆದವರಿಗೆ ಐದು ವರ್ಷ ಅಲ್ಲಿ ಮತ್ತೆ ಮೇಕೆಯ ಅನುಮತಿ ಇಲ್ಲ.

ದೋಣಿಯವರ ಉತ್ತರ ಒಂದೇ ಸಾಲು: "ಎರಡೂ ಕಾನೂನುಬದ್ಧ." ದ್ವೀಪದವರು ಹಿಂದಿನ ಋತುಗಳ ಪಟ್ಟಿಯನ್ನೇ ಕೊಟ್ಟರು, ಅದರಲ್ಲಿ ಹೆಣ್ಣು ಎರಡು ಇದ್ದವು, ಎರಡರ ಮುಂದೆಯೂ ಗೈಡ್ ಹೆಸರು ಇತ್ತು, ಬರಿಗೈಯಲ್ಲಿ ಮರಳಿದವರ ಸಂಖ್ಯೆಯೂ ಇತ್ತು. ತೊಂಬತ್ತೈದರ ಹತ್ತಿರಕ್ಕೂ ಬರದ ಅಂಕಿ ಅದು. ಆದರೆ ಆ ಪಟ್ಟಿಯನ್ನು ನಂಬಬಹುದಿತ್ತು. ಸೋತದ್ದನ್ನು ಬರೆದಿಡುವ ಸಂಸ್ಥೆ ಗೆದ್ದದ್ದನ್ನು ಉಬ್ಬಿಸಿ ಹೇಳುವ ಅಗತ್ಯ ಕಡಿಮೆ.

ಇದಕ್ಕೆ ಹೊಂದಿಕೊಂಡ ಇನ್ನೊಂದು ಪ್ರಶ್ನೆ ಭಾವನದೇ, ನನಗೆ ಹೊಳೆದಿರಲಿಲ್ಲ. ಈ ಮೇಕೆ ಗಟ್ಟಿ ಜೀವ. ಗುಂಡು ತಗುಲಿದರೂ ನಾಲ್ಕು ಹೆಜ್ಜೆ ಹೋಗಿ ಬಂಡೆಯ ಅಂಚಿಗೆ ಬಿದ್ದು ಉರುಳುತ್ತದೆ. ನೂರಾರು ಅಡಿ ಕೆಳಗೆ ಬಿದ್ದರೆ ಕೊಂಬು ಮುರಿಯುತ್ತದೆ, ಮಾಂಸ ಹಾಳಾಗುತ್ತದೆ, ಅಲ್ಲಿಗೆ ಇಳಿಯಲು ಹೋದವರ ಪ್ರಾಣಕ್ಕೂ ಅಪಾಯ. "ಹೊಡೆಯಬೇಡ ಎಂದು ನಿಮ್ಮ ಗೈಡ್ ಹೇಳಿದ್ದು ಯಾವಾಗ?" ಎಂದು ಭಾವ ಮೂವರಿಗೂ ಕೇಳಿದರು. ಊರಿನಲ್ಲಿ ಅವರ ತಂದೆಯ ಕಾಲದ ಶಿಕಾರಿ ಮುಂದಾಳು ಇಂಥ ಮಾತು ಹೇಳಿದರೆ ಎದುರಾಡುವಂತಿರಲಿಲ್ಲವಂತೆ.

ಬರಿಗೈಯವರ ಸಾಕ್ಷಿ

ಹಿಂದಿನ ಗ್ರಾಹಕರ ಫೋನ್ ಸಂಖ್ಯೆ ಕೇಳಿದರೆ ಎಲ್ಲರೂ ಕೊಡುತ್ತಾರೆ. ಗೋಡೆಯ ಮೇಲೆ ತಲೆ ತೂಗುಹಾಕಿಕೊಂಡವರ ಸಂಖ್ಯೆ. ಏನೂ ಸಿಗದೆ ಮರಳಿದವರಿಬ್ಬರ ಸಂಖ್ಯೆ ಕೊಡಿ ಎಂದು ಕೇಳಿಸಿದೆ. ದೋಣಿಯವರ ಬಳಿ ಅಂಥವರು ಇಲ್ಲವೇ ಇಲ್ಲ. ಗಡಿಯಾಚೆಯವರು ಹೊಸಬರಾದ್ದರಿಂದ ಪ್ರಶ್ನೆ ಅನ್ವಯಿಸಲಿಲ್ಲ. ದ್ವೀಪದವರು ಇಬ್ಬರನ್ನು ಕೊಟ್ಟರು.

ಒಬ್ಬರು ಮಾಂಟಾನಾದ ರೈತ. ಮಂಜು ಬಿಡಲಿಲ್ಲ, ಒಂದು ಹೋತ ಸಿಕ್ಕಿತ್ತು, ಗೈಡ್ ಹೊಡೆಯಲು ಬಿಡಲಿಲ್ಲ, ಸಿಟ್ಟು ಬಂತು, ಈಗಲೂ ಸಿಟ್ಟಿದೆ ಎಂದರು. ಡೇರೆ ಚೆನ್ನಾಗಿತ್ತು. ಇನ್ನೊಬ್ಬರು ಅರ್ಧ ಗಂಟೆ ದೂರಿದರು: ರಾತ್ರಿಯೂ ಹಗಲೂ ಬಿಸಿನೀರು ಹಾಕುವ ಪೊಟ್ಟಣದ ಊಟ, ಡೇರೆಯ ಒಂದು ಮೂಲೆ ಸೋರುತ್ತಿತ್ತು, ಗೈಡ್ ದಿನಕ್ಕೆ ಹತ್ತು ಮಾತೂ ಆಡುವುದಿಲ್ಲ. ಇದನ್ನೆಲ್ಲ ಭಾವ ಬಹಳ ಸಂತೋಷದಿಂದ ನನಗೆ ಹೇಳಿದರು. ದೂರುಗಳಲ್ಲಿ ಒಂದೂ ಸುರಕ್ಷತೆಯದ್ದಲ್ಲ, ಒಂದೂ ಹಣದ್ದಲ್ಲ. ಮಾತಾಡದ ಗೈಡ್ ಅಂತೂ ಅವರಿಗೆ ವರವೆಂದೇ ಕಂಡಿತು.

ಕರಾರಿನ ಸಣ್ಣಕ್ಷರ

ಮೂರೂ ಕರಾರುಗಳಲ್ಲಿ ಒಂದು ಷರತ್ತು ಸಮಾನ: ರಕ್ತ ಕಂಡರೆ ಬೇಟೆ ಮುಗಿದಂತೆ. ಗಾಯಗೊಂಡ ಪ್ರಾಣಿ ಸಿಗದಿದ್ದರೂ ಇನ್ನೊಂದಕ್ಕೆ ಅವಕಾಶವಿಲ್ಲ. ಇದು ನ್ಯಾಯವೇ. ವ್ಯತ್ಯಾಸ ಇದ್ದದ್ದು ದಿನಗಳ ಲೆಕ್ಕದಲ್ಲಿ. ಅಲಾಸ್ಕಾದಲ್ಲಿ ವಿಮಾನದಲ್ಲಿ ಬಂದಿಳಿದ ದಿನ ಬೇಟೆಯಾಡುವಂತಿಲ್ಲ. ಮರುದಿನ ಬೆಳಗಿನ 3 ಗಂಟೆ ಕಳೆಯಬೇಕು. ಆಕಾಶದಿಂದ ಪ್ರಾಣಿಯನ್ನು ನೋಡಿಕೊಂಡು ಪಕ್ಕದಲ್ಲೇ ಇಳಿದು ಹೊಡೆಯುವುದನ್ನು ತಡೆಯಲು ಮಾಡಿದ ನಿಯಮ. ದೋಣಿಯವರ ಎಂಟು ದಿನಗಳಲ್ಲಿ ನೀರಿನ ಮೇಲಿಳಿಯುವ ಫ್ಲೋಟ್ ವಿಮಾನ ತಂದು ಬಿಡುವ ದಿನವೂ ಮರಳಿ ಒಯ್ಯುವ ದಿನವೂ ಸೇರಿದ್ದವು. ಅಂದರೆ ಕೋವಿ ಹೆಗಲಿಗೇರುವುದು ಆರು ದಿನ. ಹವಾಮಾನದಿಂದ ಹೆಚ್ಚು ದಿನ ಉಳಿಯಬೇಕಾದರೆ ದಿನಕ್ಕೆ ಪ್ರತ್ಯೇಕ ಶುಲ್ಕ. ದ್ವೀಪದವರದು ಏಳು ಪೂರ್ತಿ ಬೇಟೆಯ ದಿನಗಳು, ಹಾರಾಟದ ದಿನಗಳು ಹೊರಗೆ, ಮಂಜಿನಿಂದ ವಿಮಾನ ಬಾರದೆ ಉಳಿದರೆ ಎರಡು ದಿನದವರೆಗೆ ಶುಲ್ಕವಿಲ್ಲ.

ಇನ್ನೊಂದು, ಅನುಮತಿಯದು. ಕೋಡಿಯಾಕ್‌ನ ಕೆಲವು ಭಾಗಗಳಿಗೆ ಲಾಟರಿ ಅನುಮತಿ. ನವೆಂಬರ್ ಮೊದಲಿನಿಂದ ಡಿಸೆಂಬರ್ 15ರೊಳಗೆ ಅರ್ಜಿ, ಫೆಬ್ರುವರಿಯಲ್ಲಿ ಫಲಿತಾಂಶ. ಮುಂಗಡ ಕೊಟ್ಟ ಮೇಲೆ ಲಾಟರಿ ಸಿಗದಿದ್ದರೆ? ದ್ವೀಪದವರ ಮೊದಲ ಕರಡಿನಲ್ಲಿ ಮುಂದಿನ ವರ್ಷಕ್ಕೆ ಹೊಂದಿಸಲಾಗುವುದು ಎಂದಷ್ಟೇ ಇತ್ತು. ಹಣ ವಾಪಸ್ ಅಥವಾ ಹೊಂದಿಕೆ, ಗ್ರಾಹಕರ ಇಚ್ಛೆಯಂತೆ ಎಂದು ತಿದ್ದಿಸಿದೆವು. ಜೊತೆಗೆ ಒಂದು ಸಾಲು ಸೇರಿಸಿದೆವು: ಹೆಸರಿಸಿದ ಸಹಾಯಕ ಗೈಡ್ ಬದಲಾದರೆ ಮೂವತ್ತು ದಿನ ಮೊದಲು ತಿಳಿಸಬೇಕು, ಒಪ್ಪದಿದ್ದರೆ ಮುಂಗಡ ವಾಪಸ್. ಇದಕ್ಕೆ ಅವರು ಒಂದು ವಾರ ತೆಗೆದುಕೊಂಡರು, ಕೊನೆಗೆ ಒಪ್ಪಿದರು.

ಲಕೋಟೆ ಒಡೆದಾಗ

ಈಗ ಮಸಿ ಅಳಿಸಿದೆವು. ದೋಣಿಯವರು 11,800 ಡಾಲರ್. ದ್ವೀಪದವರು 15,500. ಗಡಿಯಾಚೆಯವರು 17,000 ಕೆನಡಾ ಡಾಲರ್. ಅದರ ಮೇಲೆ ಶೇ 5 ಜಿಎಸ್‌ಟಿ, ಅಮೆರಿಕದ ಹಣದಲ್ಲಿ ಸುಮಾರು 13,000.

ನಮ್ಮ ಕಚೇರಿಯಲ್ಲಾಗಿದ್ದರೆ ಎಲ್-1, ಅಂದರೆ ಅತಿ ಕಡಿಮೆ ದರದವರು, ಎಂದು ದೋಣಿಯವರ ಕಡೆ ಬೆರಳು ತೋರಿಸುವವರು ಹತ್ತು ಜನ ಎದ್ದು ನಿಲ್ಲುತ್ತಿದ್ದರು. ಆದರೆ ಫ್ಲೋಟ್ ವಿಮಾನ ಅವರ ದರದ ಹೊರಗಿತ್ತು, ದ್ವೀಪದವರ ದರದ ಒಳಗಿತ್ತು. ಅದನ್ನೂ ಹವಾಮಾನದಿಂದ ಕಾಯಬೇಕಾಗಬಹುದಾದ ಎರಡು ದಿನಗಳ ಶುಲ್ಕವನ್ನೂ ಸೇರಿಸಿದರೆ ದೋಣಿಯವರ ಲೆಕ್ಕ 15,000ದ ಹತ್ತಿರ ಬಂತು, ಬೇಟೆಯ ದಿನಕ್ಕೆ ಭಾಗಿಸಿದರೆ ಅವರೇ ದುಬಾರಿ. ಹೊರರಾಜ್ಯದವರ ಪರವಾನಗಿ 160 ಡಾಲರ್, ಹೊಡೆದ ಮೇಕೆಗೆ ಕಟ್ಟುವ ಲೋಹದ ಟ್ಯಾಗ್ 600 ಡಾಲರ್ ಅಲಾಸ್ಕಾದ ಇಬ್ಬರಿಗೂ ಸಮಾನ. ಅಮೆರಿಕದಲ್ಲಿ ನೆಲೆಸದ ವಿದೇಶಿ ಪ್ರಜೆ ನೇರವಾಗಿ ಬಂದರೆ ಇವು 630 ಮತ್ತು 800 ಆಗುತ್ತವೆ, ಮೇಲೆ ಯಾವ ದೊಡ್ಡ ಪ್ರಾಣಿಗಾದರೂ ಗೈಡ್ ಕಡ್ಡಾಯ; ಬೆಂಗಳೂರಿನಿಂದ ಹೊರಡುವ ಉತ್ಸಾಹಿಗಳಿದ್ದರೆ ಗಮನಿಸಬೇಕು. ಕೆನಡಾಕ್ಕೆ ಕೋವಿ ಒಯ್ಯಲು ಗಡಿಯಲ್ಲಿ ಘೋಷಣಾ ಪತ್ರ ಮತ್ತು 25 ಡಾಲರ್ ಶುಲ್ಕ, ಅದೇನೂ ದೊಡ್ಡ ತೊಡಕಲ್ಲ. ಗಡಿಯಾಚೆಯವರು ಸೋತದ್ದು ಕಾಗದಕ್ಕಲ್ಲ, ದಾಖಲೆ ಇಲ್ಲದ್ದಕ್ಕೆ. ಅವರು ಇನ್ನು ಐದು ವರ್ಷ ಕಳೆದು ಕೇಳಿದರೆ ನನ್ನ ಅಂಕಪಟ್ಟಿ ಬೇರೆಯಾಗಿರಬಹುದು.

ನಡೆದದ್ದು

ಡಿಸೆಂಬರಿನಲ್ಲಿ ಅರ್ಜಿ, ಫೆಬ್ರುವರಿಯಲ್ಲಿ ಅನುಮತಿ. ಅಲ್ಲಿಂದ ಭಾವ ವಾರಾಂತ್ಯಗಳಲ್ಲಿ ಸಿಯಾಟಲ್ ಹತ್ತಿರದ ಮೌಂಟ್ ಸೈ ಹತ್ತತೊಡಗಿದರು. ಬುಡದಿಂದ ಸುಮಾರು 960 ಮೀಟರ್ ಏರು. ಬೆನ್ನುಚೀಲದಲ್ಲಿ ನೀರಿನ ಕ್ಯಾನುಗಳನ್ನು ಹೊತ್ತು ಹತ್ತಿ, ಮೇಲೆ ನೀರು ಚೆಲ್ಲಿ, ಹಗುರಾಗಿ ಇಳಿಯುವುದು. ಮೊಣಕಾಲಿಗೆ ಪೆಟ್ಟು ಬೀಳುವುದು ಇಳಿಯುವಾಗಲೇ ಎಂದು ಅಲ್ಲಿನ ಚಾರಣಿಗರಿಗೆಲ್ಲ ಗೊತ್ತು.

ಅಕ್ಟೋಬರ್ ಮೊದಲ ವಾರವನ್ನು ಬೇಕೆಂದೇ ಆರಿಸಿದ್ದರು. ಆಗಸ್ಟಿನಲ್ಲಿ ಹವೆ ಹಿತ, ಆದರೆ ಉಣ್ಣೆ ಗಿಡ್ಡ. ಅಕ್ಟೋಬರಿನಲ್ಲಿ ಉಣ್ಣೆ ಉದ್ದ, ಹವೆ ಕೆಟ್ಟದ್ದು. ಆಂಕರೇಜ್‌ನಿಂದ ಕೋಡಿಯಾಕ್, ಅಲ್ಲಿಂದ ಫ್ಲೋಟ್ ವಿಮಾನದಲ್ಲಿ ಒಂದು ಕೊಲ್ಲಿಗೆ. ಡೇರೆಯ ಸುತ್ತ ಕರಡಿಗಳಿಗಾಗಿ ವಿದ್ಯುತ್ ಬೇಲಿ. ಸಮುದ್ರಮಟ್ಟದಿಂದಲೇ ಏರು ಶುರು, ಮೊದಲಿಗೆ ಮನುಷ್ಯರನ್ನು ನುಂಗುವಂಥ ಆಲ್ಡರ್ ಪೊದೆ, ಆಮೇಲೆ ಒದ್ದೆ ಹುಲ್ಲು, ಆಮೇಲೆ ಬಂಡೆ.

ಮೂರನೆಯ ದಿನ ಒಂದು ದೊಡ್ಡ ಹೋತ ಬಂಡೆಯ ಚಾಚಿನ ಮೇಲೆ ಮಲಗಿತ್ತು. ಗುಂಡಿನ ದೂರದಲ್ಲೇ ಇತ್ತು. ಗೈಡ್ ಅದರ ಕೆಳಗಿನ ಪ್ರಪಾತವನ್ನು ತೋರಿಸಿ ತಲೆಯಾಡಿಸಿದ. ಸಂಜೆಯವರೆಗೆ ಕಾದರೂ ಅದು ಏಳಲಿಲ್ಲ. ಕತ್ತಲಾಗುವ ಮುನ್ನ ಇಳಿದು ಬಂದರು. ಮಾಂಟಾನಾದ ರೈತನ ಸಿಟ್ಟು ಆ ರಾತ್ರಿ ತನಗೆ ಪೂರ್ತಿ ಅರ್ಥವಾಯಿತು ಎಂದು ಭಾವ ಹೇಳಿದರು. ಎರಡು ದಿನ ಮಂಜು. ಆರನೆಯ ದಿನ ಇನ್ನೊಂದು ಒಂಟಿ ಮೇಕೆ, ಹುಲ್ಲಿನ ಬೋಗುಣಿಯಂಥ ಜಾಗದಲ್ಲಿ. ಕೊಂಬು ಹೋತದ್ದೆಂದು ಭಾವನಿಗೆ ಖಾತ್ರಿಯಿತ್ತು, ಗೈಡ್‌ಗೆ ಇರಲಿಲ್ಲ. ಮುಕ್ಕಾಲು ಗಂಟೆ ಒದ್ದೆ ಕಲ್ಲಿನ ಮೇಲೆ ಹೊಟ್ಟೆಯಡಿ ಮಾಡಿ ಬಿದ್ದುಕೊಂಡರು. ಅದು ಎದ್ದಿತು, ಮೈ ಮುರಿಯಿತು, ಕಾಲು ಚಾಚಿ ನಿಂತು ಮೂತ್ರ ಮಾಡಿತು. ಆಗ ಗೈಡ್ ದಿನದ ಹತ್ತು ಮಾತುಗಳಲ್ಲಿ ಒಂದನ್ನು ಆಡಿದ: "ಸರಿ." ಕೊಂಬಿನ ಉಂಗುರಗಳ ಪ್ರಕಾರ ಏಳು ವರ್ಷದ ಪ್ರಾಣಿ.

ತಿನ್ನಬಹುದಾದ ಮಾಂಸವನ್ನೆಲ್ಲ ಬೆಟ್ಟದಿಂದ ಇಳಿಸಲೇಬೇಕು, ಕೊಂಬು ಮಾತ್ರ ಹೊತ್ತು ತರುವುದು ಅಪರಾಧ. ಇಬ್ಬರೂ ಎರಡು ಸುತ್ತು ಹೊತ್ತರು, ಕರಡಿ ಬರುವ ಮೊದಲು. ವಿಮಾನ ಒಂದು ದಿನ ತಡವಾಯಿತು. ಷರತ್ತಿನಂತೆ ಶುಲ್ಕ ಬೀಳಲಿಲ್ಲ. ಡೇರೆಯ ಅದೇ ಮೂಲೆ ಈಗಲೂ ಸೋರುತ್ತದಂತೆ. ಮುದಿ ಹೋತದ ಮಾಂಸ ಗಡುಸು ಎಂದು ಅಕ್ಕ ಕುಕ್ಕರಿನಲ್ಲಿ ಎಂಟು ಸೀಟಿ ಹೊಡೆಸಿ ಕೊಡಗಿನ ಹುಳಿಯಾದ ಕಾಚಂಪುಳಿ ಹಾಕಿದಳು.

ಮೂರು ಕೊಟೇಷನ್‌ಗಳಲ್ಲೂ ಇಲ್ಲದಿದ್ದ ಖರ್ಚು ಕೊನೆಯಲ್ಲಿ ಬಂತು: ಗೈಡ್‌ಗೆ ಭಕ್ಷೀಸು, ಅದು ವಾಡಿಕೆಯಲ್ಲಿ ದರದ ಹತ್ತನೆಯ ಒಂದು ಭಾಗದಷ್ಟು, ಕೋಡಿಯಾಕ್ ಊರಿನಲ್ಲಿ ಹೆಚ್ಚುವರಿ ರಾತ್ರಿಗಳ ಹೋಟೆಲು, ಮಾಂಸದ ಪೆಟ್ಟಿಗೆಗಳಿಗೆ ವಿಮಾನ ಬಾಡಿಗೆ, ಚರ್ಮ ಹದ ಮಾಡಿ ಬೊಂಬೆ ನಿಲ್ಲಿಸುವವರ ಮುಂಗಡ. ಒಟ್ಟು 3,000 ಡಾಲರ್ ಮೀರಿತು. ಮುಂದೆ ಯಾರಿಗಾದರೂ ಮೌಲ್ಯಮಾಪನ ಮಾಡಿಕೊಡುವುದಾದರೆ ದರದ ಲಕೋಟೆಯ ನಮೂನೆಯಲ್ಲೇ ಈ ನಾಲ್ಕು ಸಾಲುಗಳನ್ನು ಮುದ್ರಿಸುತ್ತೇನೆ, ಖಾಲಿ ಬಿಟ್ಟವರ ಲಕೋಟೆ ತಿರಸ್ಕೃತ.

ದೋಣಿಯವರಿಗೆ ಕೇಳಿದ ಗೈಡ್ ಹೆಸರು ಇಂದಿಗೂ ಬಂದಿಲ್ಲ. ಎರಡು ಜಾಗ ಖಾಲಿ ಇವೆ, ಈ ತಿಂಗಳೊಳಗೆ ಮುಂಗಡ ಕೊಟ್ಟರೆ ರಿಯಾಯಿತಿ ಎಂಬ ಪತ್ರ ಮಾತ್ರ ಭಾವನಿಗೆ ತಪ್ಪದೆ ಬರುತ್ತಿದೆ.